ಸ್ಟಾರ್ಟಪ್‌ನಲ್ಲಿ ಕೋಡ್ ಬರೆಯೋದು: ಎಲ್ಲಿ ಅವಸರ, ಎಲ್ಲಿ ತಾಳ್ಮೆ?

ಪ್ರಶ್ನೆ: ಏಳು ವರ್ಷ ದೊಡ್ಡ ಸರ್ವಿಸ್ ಕಂಪನಿಯಲ್ಲಿ ಜಾವಾ ಡೆವಲಪರ್ ಆಗಿದ್ದೆ. ಮೂರು ತಿಂಗಳ ಹಿಂದೆ ಐದೇ ಜನರಿರುವ ಒಂದು ಸ್ಟಾರ್ಟಪ್ ಸೇರಿದೆ. ಇಲ್ಲಿ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಇಲ್ಲ, ಟೆಸ್ಟಿಂಗ್ ಟೀಮ್ ಇಲ್ಲ. ಸೋಮವಾರ ಹೇಳಿದ್ದು ಗುರುವಾರಕ್ಕೆ ಬದಲಾಗಿರುತ್ತದೆ. ಆರು ವಾರ ಕೂತು ಬರೆದ ಮಾಡ್ಯೂಲನ್ನು ಕಳೆದ ವಾರ ಕಿತ್ತುಹಾಕಿದರು. ಗ್ರಾಹಕರ ಫೋನ್ ಕೂಡ ನಾನೇ ತೆಗೆದುಕೊಳ್ಳಬೇಕು. ಸ್ಟಾರ್ಟಪ್ ಅಂದರೆ ಹೀಗೇನಾ, ಇಲ್ಲ ನಾನು ಸೇರಿದ ಜಾಗವೇ ಸರಿ ಇಲ್ವಾ? ಕಲಿತ ಶಿಸ್ತೆಲ್ಲ ಹಾಳಾಗುತ್ತೇನೋ ಅಂತ ಭಯ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಆರು ವಾರದ ಕೆಲಸ ಕಣ್ಣೆದುರೇ ಹೋದರೆ ಹೊಟ್ಟೆ ಉರಿಯುತ್ತದೆ. ನನಗೂ ಆಗಿದೆ, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಜನ ಸೇರಿ, ಮನೆಮನೆಗೆ ಹಾಲು ಹಾಕುವವರಿಗಾಗಿ ಒಂದು ಆ್ಯಪ್ ಮಾಡುತ್ತಿದ್ದೆವು. ಪ್ರತಿ ಮನೆಯ ಹೆಸರು, ಅದರ ಎದುರು ಒಂದು ಟಿಕ್, ಪ್ಯಾಕೆಟ್ ಲೆಕ್ಕಕ್ಕೆ ಪ್ಲಸ್, ಮೈನಸ್ ಬಟನ್. ಒಂಬತ್ತು ವಾರ ಹಿಡಿಯಿತು. ಆಫೀಸಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಒಂದು ದಿನ ಬೆಳಗಿನ ಜಾವ ಐದಕ್ಕೆ ಹಾಲಿನವರೊಬ್ಬರ ಜೊತೆ ನಾನೂ ಹೊರಟೆ. ಕ್ರೇಟಿನಿಂದ ಪ್ಯಾಕೆಟ್ ಎತ್ತಿ ಎತ್ತಿ ಅವರ ಕೈ ಒದ್ದೆ. ಒದ್ದೆ ಬೆರಳಿಗೆ ಸ್ಕ್ರೀನ್ ಓಗೊಡುತ್ತಿಲ್ಲ. ಅಂಗಿಗೆ ಕೈ ಒರೆಸಿಕೊಂಡು ಒಂದು ಟಿಕ್, ಮತ್ತೆ ಪ್ಯಾಕೆಟ್, ಮತ್ತೆ ಒರೆಸು. ನಾಲ್ಕನೇ ಮನೆ ಹೊತ್ತಿಗೆ ಫೋನ್ ಜೇಬು ಸೇರಿತು. ‘ದಿನಾ ತಗೊಳ್ಳೋರು ದಿನಾ ತಗೊಳ್ತಾರೆ ಸಾರ್. ಬೇಡ ಅಂದೋರದ್ದು ಮಾತ್ರ ಬರ್ಕೊಂಡ್ರೆ ಸಾಕಲ್ವಾ?’ ಅಂದರು.

140 ಮನೆಗಳಲ್ಲಿ ಅವತ್ತು ಲೆಕ್ಕ ಬದಲಾಗಿದ್ದು ಆರು ಮನೆಯದ್ದು ಮಾತ್ರ. ಒಂಬತ್ತು ವಾರದ ಸ್ಕ್ರೀನ್ ತೆಗೆದುಹಾಕಿ, ಎರಡೇ ದಿನದಲ್ಲಿ ಹೊಸದು ಬರೆದೆವು. ಎಲ್ಲರಿಗೂ ಹಾಲು ಹಾಕಿದ್ದಾಗಿದೆ ಅಂತಲೇ ಲೆಕ್ಕ, ಬೇಡ ಅಂದವರಿಗೆ ಮಾತ್ರ ಗುರುತು. ಮೊದಲ ವಾರವೇ ಅವರ ಹಿಂದೆ ಹೋಗಿದ್ದರೆ ಅಷ್ಟೂ ಸಮಯ ಉಳಿಯುತ್ತಿತ್ತು.

ದೊಡ್ಡ ಕಂಪನಿಯಲ್ಲಿ ಏನು ಬೇಕು ಅಂತ ಕ್ಲೈಂಟ್ ಬರೆದು ಕೊಟ್ಟಿರುತ್ತಾರೆ. ತಪ್ಪಿಲ್ಲದೆ ಮಾಡಿಕೊಡುವುದು ನಿಮ್ಮ ಕೆಲಸ. ಈಗಷ್ಟೇ ಶುರುವಾದ ಸ್ಟಾರ್ಟಪ್‌ನಲ್ಲಿ ಏನು ಬೇಕು ಅನ್ನೋದೇ ಯಾರಿಗೂ ಗೊತ್ತಿರುವುದಿಲ್ಲ, ಫೌಂಡರ್‌ಗೂ ಗೊತ್ತಿರುವುದಿಲ್ಲ. ಅವರ ಹತ್ತಿರ ಇರುವುದು ಒಂದು ಅಂದಾಜು, ಜೊತೆಗೆ ಬ್ಯಾಂಕಿನಲ್ಲಿ ಕೆಲವು ತಿಂಗಳಿಗಾಗುವಷ್ಟು ದುಡ್ಡು. ದುಡ್ಡು ಖಾಲಿಯಾಗುವ ಮುಂಚೆ ಅಂದಾಜು ಸರಿಯೋ ತಪ್ಪೋ ತಿಳಿಯಬೇಕು. ನೀವು ಬರೆಯುವ ಕೋಡ್ ಇರುವುದು ಅದಕ್ಕಾಗಿ. ಹಾಗಾಗಿ ಗ್ರಾಹಕರ ಫೋನನ್ನು ತಲೆಮೇಲೆ ಬಿದ್ದ ಕೆಲಸ ಅಂದುಕೊಳ್ಳಬೇಡಿ. ನೀವು ಹುಡುಕುತ್ತಿರುವ ರಿಕ್ವೈರ್‌ಮೆಂಟ್ ಬರುವುದೇ ಆ ಫೋನಿನಲ್ಲಿ.

ಇನ್‌ಸ್ಟಾಗ್ರಾಮ್ ಮೊದಲು ಇನ್‌ಸ್ಟಾಗ್ರಾಮ್ ಆಗಿರಲಿಲ್ಲ. ಬರ್ಬನ್ ಅನ್ನುವ ಆ್ಯಪ್ ಆಗಿತ್ತು. ಎಲ್ಲಿದ್ದೀರಿ ಅಂತ ಚೆಕ್-ಇನ್ ಮಾಡುವುದು, ಪ್ಲಾನ್ ಹಾಕುವುದು, ಫೋಟೋ ಹಾಕುವುದು, ಎಲ್ಲ ಅದರಲ್ಲಿತ್ತು. ಜನ ಖುಷಿಯಿಂದ ಬಳಸುತ್ತಿದ್ದದ್ದು ಫೋಟೋ ಅಂತ ಅದನ್ನು ಮಾಡುತ್ತಿದ್ದ ಕೆವಿನ್ ಸಿಸ್ಟ್ರೋಮ್ ಮತ್ತು ಮೈಕ್ ಕ್ರೀಗರ್ ಗಮನಿಸಿದರು. ಫೋಟೋ, ಕಾಮೆಂಟ್, ಲೈಕ್ ಇಷ್ಟು ಬಿಟ್ಟು ಮಿಕ್ಕಿದ್ದೆಲ್ಲ ತೆಗೆದರು. 2010ರ ಅಕ್ಟೋಬರ್ 6ರಂದು ಹೊಸ ಆ್ಯಪ್ ಬಿಟ್ಟಾಗ ಮೊದಲ ದಿನವೇ ಸುಮಾರು 25,000 ಜನ ಸೇರಿದರು. 2012ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಅದನ್ನು 100 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿದಾಗ ಇದ್ದ ಸಿಬ್ಬಂದಿ 13 ಜನ. ಅವರು ನೆಚ್ಚಿಕೊಂಡಿದ್ದು ಪೈಥಾನ್ ಭಾಷೆ, ಅದರಲ್ಲಿ ವೆಬ್ ಕೆಲಸಕ್ಕಿರುವ ಜಾಂಗೋ, ಡೇಟಾ ಇಡಲು ಪೋಸ್ಟ್‌ಗ್ರೆಸ್ಕ್ಯೂಎಲ್. ಆಗಲೇ ತುಂಬ ಜನ ಬಳಸಿ ಪಳಗಿದ್ದ ಸಾಮಾನುಗಳು. ಐದು ಜನರ ಟೀಮ್ ಒಂದೇ ಆ್ಯಪನ್ನು ಹತ್ತು ಮೈಕ್ರೋಸರ್ವಿಸ್ ಆಗಿ, ಅಂದರೆ ಬೇರೆ ಬೇರೆಯಾಗಿ ಓಡುವ ಹತ್ತು ಪುಟ್ಟ ಪ್ರೋಗ್ರಾಂಗಳಾಗಿ ಕಟ್ಟಲು ಹೊರಟಾಗಲೆಲ್ಲ ನನಗೆ ಈ 13 ಜನ ನೆನಪಾಗುತ್ತಾರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಸರ್ವರ್ ವಿಷಯದಲ್ಲೂ ಅಷ್ಟೇ.

ಇನ್ನು ನಿಮ್ಮ ಶಿಸ್ತು. ಅದನ್ನು ದಯವಿಟ್ಟು ಬಿಡಬೇಡಿ. ಎಲ್ಲ ಕಡೆ ಒಂದೇ ಅಳತೆಯಲ್ಲಿ ಬಳಸಬೇಡಿ, ಅಷ್ಟೇ. ಕೋಡ್ ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ತಪ್ಪಾದರೆ ನಾಳೆ ಸರಿ ಮಾಡಬಹುದಾ? ಬಟನ್ ಎಲ್ಲಿರಬೇಕು, ರಿಪೋರ್ಟ್ ಹೇಗೆ ಕಾಣಬೇಕು, ಇವೆಲ್ಲ ನಾಳೆ ಸರಿ ಮಾಡಬಹುದು. ಬೇಗ ಬರೆಯಿರಿ, ತೋರಿಸಿ, ಬೇಕಾದರೆ ಕಿತ್ತುಹಾಕಿ. ಗ್ರಾಹಕರ ದುಡ್ಡಿನ ಲೆಕ್ಕ, ಪಾಸ್‌ವರ್ಡ್, ಡೇಟಾ ಅಳಿಸುವ ಕೋಡ್ ಹಾಗಲ್ಲ. ಅಲ್ಲಿ ಟೆಸ್ಟ್ ಬರೆಯಲೇಬೇಕು, ಇನ್ನೊಬ್ಬರು ಓದಿ ನೋಡಲೇಬೇಕು. ಫೌಂಡರ್ ಎಷ್ಟೇ ಅವಸರ ಮಾಡಿದರೂ ಇಲ್ಲಿ ‘ನಾಳೆ ಕೊಡ್ತೀನಿ’ ಅನ್ನುವ ಧೈರ್ಯ ಇರಲಿ. ಟೆಸ್ಟಿಂಗ್ ಟೀಮ್ ಇಲ್ಲದ ಕಡೆ ನಿಮ್ಮನ್ನು ಕಾಪಾಡುವುದು ಸಣ್ಣ ಸಣ್ಣ ಬದಲಾವಣೆ. ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಲೈವ್‌ಗೆ ಬಿಟ್ಟರೆ ಎಲ್ಲಿ ಕೆಟ್ಟಿತು ಅಂತ ಗೊತ್ತಾಗುತ್ತದೆ, ಹಿಂದಕ್ಕೆ ತಗೊಳ್ಳುವುದೂ ಸುಲಭ. ತಿಂಗಳ ಕೆಲಸವನ್ನು ಒಟ್ಟಿಗೆ ಬಿಟ್ಟರೆ ಹುಡುಕುವುದರಲ್ಲೇ ಮೂರು ದಿನ ಹೋಗುತ್ತದೆ.

ಬ್ಯಾಕಪ್ ಬಗ್ಗೆ ಒಂದು ಮಾತು. 2017ರ ಜನವರಿ 31ರ ರಾತ್ರಿ, ಡೆವಲಪರ್‌ಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಅನ್ನುವ ಕಂಪನಿಯಲ್ಲಿ ಸುಸ್ತಾಗಿದ್ದ ಒಬ್ಬ ಎಂಜಿನಿಯರ್, ಬೇರೆ ಸರ್ವರ್‌ನಲ್ಲಿದ್ದೇನೆ ಅಂದುಕೊಂಡು ಮುಖ್ಯ ಡೇಟಾಬೇಸ್‌ನ ಫೋಲ್ಡರ್ ಅಳಿಸಿಬಿಟ್ಟರು. ಬ್ಯಾಕಪ್ ನೋಡಿದರೆ ದಿನವೂ ಆಗಬೇಕಿದ್ದದ್ದು ಆಗುತ್ತಲೇ ಇರಲಿಲ್ಲ. ಫೇಲ್ ಆಗಿದೆ ಅಂತ ಹೇಳುವ ಇಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ, ಆರು ಗಂಟೆ ಮುಂಚೆ ಬೇರೆ ಕೆಲಸಕ್ಕಾಗಿ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಡೇಟಾದ ನಕಲು, ಸಿಕ್ಕಿತು. ಅಷ್ಟು ದೊಡ್ಡ ಟೀಮಿಗೇ ಹೀಗಾದರೆ ಐದು ಜನರ ಗತಿ? ಈ ವಾರವೇ ನಿಮ್ಮ ಬ್ಯಾಕಪ್ಪನ್ನು ಬೇರೊಂದು ಮೆಷಿನ್‌ಗೆ ಹಾಕಿ, ತೆರೆದುಕೊಳ್ಳುತ್ತಾ ನೋಡಿ. ಫೈಲ್ ಇದೆ ಅಂತ ನೋಡಿದರೆ ಸಾಲದು.

ಜಾಗ ಸರಿ ಇದೆಯಾ ಅಂತ ಕೇಳಿದಿರಿ. ನಿಮ್ಮ ಮಾಡ್ಯೂಲ್ ಯಾಕೆ ತೆಗೆದರು ಅಂತ ಫೌಂಡರನ್ನು ಕೇಳಿ. ‘ಹತ್ತು ಜನಕ್ಕೆ ಕೊಟ್ವಿ, ಒಬ್ಬರೂ ಎರಡನೇ ಸಲ ತೆರೆಯಲಿಲ್ಲ’ ಅಂದರೆ ನೀವು ಒಳ್ಳೆಯ ಜಾಗದಲ್ಲೇ ಇದ್ದೀರಿ. ‘ನಿನ್ನೆ ಇನ್ನೊಂದು ಕಂಪನಿಯ ಆ್ಯಪ್ ನೋಡಿದೆ, ನಮಗೂ ಅದೇ ಬೇಕು’ ಅನ್ನುವುದು ವಾರವಾರವೂ ಬರುತ್ತಿದ್ದರೆ ಯೋಚನೆ ಮಾಡಿ. ಎಷ್ಟು ತಿಂಗಳಿಗೆ ದುಡ್ಡಿದೆ ಅಂತಲೂ ಕೇಳಿ. ಐದು ಜನರಲ್ಲಿ ಒಬ್ಬರಾದ ಮೇಲೆ ಅದನ್ನು ಕೇಳುವ ಹಕ್ಕು ನಿಮಗಿದೆ. ಉತ್ತರ ಕೊಡದೆ ಜಾರಿಕೊಂಡರೆ ಅದೇ ಉತ್ತರ.

ಪ್ರಶ್ನೆ: ನಾನು ಕೋಡಿಂಗ್ ಕಲಿತವಳಲ್ಲ. ಸಣ್ಣ ಸ್ಟಾರ್ಟಪ್ ನಡೆಸುತ್ತಿದ್ದೇನೆ. ಹೊಸದಾಗಿ ಸೇರಿದ ಡೆವಲಪರ್ ‘ಹಳೇ ಕೋಡ್ ಸರಿ ಇಲ್ಲ, ಎಲ್ಲ ಮೊದಲಿಂದ ಬರೆಯಬೇಕು, ನಾಲ್ಕು ತಿಂಗಳು ಕೊಡಿ’ ಅನ್ನುತ್ತಾರೆ. ಒಪ್ಪಬೇಕಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಒಪ್ಪಬೇಡಿ, ಹಾಗಂತ ಅವರ ಮಾತನ್ನು ತಳ್ಳಿಯೂ ಹಾಕಬೇಡಿ. ನೆಟ್‌ಸ್ಕೇಪ್ ಅನ್ನುವ ಕಂಪನಿ 1998ರಲ್ಲಿ ತನ್ನ ಬ್ರೌಸರನ್ನು ಹೊಸದಾಗಿ ಬರೆಯಲು ಕೂತು, ನೆಟ್‌ಸ್ಕೇಪ್ 6 ಹೊರಬಂದಿದ್ದು 2000ದ ನವೆಂಬರ್‌ನಲ್ಲಿ. ಅಷ್ಟರಲ್ಲಿ ಜನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಡೆ ಹೋಗಿದ್ದರು. ನಾಲ್ಕು ತಿಂಗಳು ಗ್ರಾಹಕರಿಗೆ ಹೊಸದೇನೂ ಕೊಡದೆ ಇರುವುದು ನಿಮ್ಮಂಥ ಕಂಪನಿಗೆ ತುಂಬ ಜಾಸ್ತಿ. ಆದರೆ ಹಳೇ ಕೋಡ್‌ನಲ್ಲಿ ಸಾಲ, ಅಂದರೆ ಅವಸರದಲ್ಲಿ ಬರೆದು ಆಮೇಲೆ ಸರಿ ಮಾಡೋಣ ಅಂತ ಬಿಟ್ಟ ಕೆಲಸ, ಇರುವುದು ನಿಜವೇ ಇರಬಹುದು. ಯಾವ ಭಾಗ ಮುಟ್ಟಿದರೆ ಪ್ರತಿ ಸಲ ಏನಾದರೂ ಕೆಡುತ್ತದೆ ಅಂತ ಅವರಿಂದ ಒಂದು ಪಟ್ಟಿ ಬರೆಸಿಕೊಳ್ಳಿ. ಅದರಲ್ಲಿ ಮೊದಲನೆಯದಕ್ಕೆ ವಾರಕ್ಕೆ ಒಂದು ದಿನ ಕೊಡಿ. ಆ ದಿನ ಬೇರೆ ಕೆಲಸ ಹೇಳಬೇಡಿ, ಫೋನ್ ಕೂಡ ಮಾಡಬೇಡಿ.