ದುಬೈಯ ಮಾಲ್‌ನಿಂದ ಗುಲ್ಮಾರ್ಗ್‌ನ ಬೆಟ್ಟಕ್ಕೆ

ಪ್ರಶ್ನೆ: ಊರು ಬದಿಯಡ್ಕ, ಕೆಲಸ ದುಬೈಯಲ್ಲಿ. ಮೂರು ವರ್ಷಗಳಿಂದ ಅಲ್ಲಿನ ಮಾಲ್‌ನೊಳಗಿನ ಸ್ಕೀ ದುಬೈಯಲ್ಲಿ ಸ್ಕೀ ಮಾಡುತ್ತಿದ್ದೇನೆ. ಜನವರಿಯಲ್ಲಿ ರಜೆಗೆ ಬಂದಾಗ ಒಂದು ವಾರ ಗುಲ್ಮಾರ್ಗ್‌ಗೆ ಹೋಗಿ ಸ್ನೋಬೋರ್ಡ್ ಕೂಡ ಕಲಿಯುವ ಆಸೆ. ಅಮ್ಮ ಬೇಡವೆನ್ನುತ್ತಾರೆ. ಏನು ಮಾಡಲಿ?

ಉತ್ತರ: ಹೋಗಿ. ಆದರೆ ಬೆಟ್ಟವನ್ನೂ ಹಲಗೆಯನ್ನೂ ಒಂದೇ ವಾರದಲ್ಲಿ ಬದಲಿಸಬೇಡಿ. ಗುಲ್ಮಾರ್ಗ್‌ಗೆ ಕೈಗೂಡಿದ ಸ್ಕೀಯನ್ನೇ ಒಯ್ಯಿರಿ. ಸ್ನೋಬೋರ್ಡನ್ನು ದುಬೈಯಲ್ಲೇ ಕಲಿಯಿರಿ. ಅದರಲ್ಲಿ ಎರಡೂ ಪಾದಗಳು ಒಂದೇ ಹಲಗೆಗೆ ಬಿಗಿದಿರುವುದರಿಂದ ಮೊದಲ ಎರಡು ಮೂರು ದಿನ ಬೀಳುವುದೇ ಕೆಲಸ. ಬಿದ್ದಾಗ ಅಂಗೈ ಊರಿ ಮಣಿಕಟ್ಟು ಮುರಿದುಕೊಳ್ಳುವವರೇ ಹೆಚ್ಚು. ಮಣಿಕಟ್ಟಿನ ಕವಚ ಮರೆಯಬೇಡಿ. ಅಷ್ಟು ಬೀಳಲು ಕಾಶ್ಮೀರದವರೆಗೆ ಟಿಕೆಟ್ ತೆಗೆಯಬೇಕೇ?

ಇನ್ನು ಬೆಟ್ಟ. 2005ರಲ್ಲಿ ತೆರೆದ ನಿಮ್ಮ ಮಾಲ್‌ನ ಅತಿ ಉದ್ದದ ಇಳಿಜಾರು 400 ಮೀಟರ್. ವರ್ಷವಿಡೀ ಅದೇ ಚಳಿ, ಅದೇ ಬೆಳಕು, ಯಂತ್ರ ಒತ್ತಿ ಸಮಮಾಡಿದ ಅದೇ ಹಿಮ. ಅಡಕೆ ಹಾಳೆಯ ಮೇಲೆ ಕುಳಿತು ಅಂಗಳದಲ್ಲಿ ಎಳೆಸಿಕೊಂಡವರಿಗೆ ಗೊತ್ತಿರುತ್ತದೆ, ಒಣ ಅಂಗಳದಲ್ಲಿ ಹಾಳೆ ಓಡುವ ಬಗೆಯೇ ಬೇರೆ, ಮಳೆ ಬಿದ್ದು ಪಾಚಿ ಕಟ್ಟಿದ ಮೇಲೆ ಓಡುವ ಬಗೆಯೇ ಬೇರೆ. ಗುಲ್ಮಾರ್ಗ್‌ನಲ್ಲಿ ಇಂಥ ವ್ಯತ್ಯಾಸ ಬೆಳಗಿನಿಂದ ಸಂಜೆಯೊಳಗೆ ಕಾಣುತ್ತದೆ. ಗಟ್ಟಿ ಹಿಮದಲ್ಲಿ ತಿರುವಿನ ಹೊರಗಾಲಿಗೆ ಭಾರ ಹಾಕಲು ಕಲಿತಿದ್ದೀರಿ. ಮೊಣಕಾಲುದ್ದ ಹೊಸ ಹಿಮದಲ್ಲಿ ಹಾಗೆ ಮಾಡಿದರೆ ಆ ಕಾಲು ಹೂತುಹೋಗುತ್ತದೆ. ಅಲ್ಲಿ ಎರಡೂ ಕಾಲುಗಳಿಗೆ ಭಾರ ಹಂಚಬೇಕು. ಮೋಡ ಕವಿದರೆ ಉಬ್ಬು ಯಾವುದು, ತಗ್ಗು ಯಾವುದು ಎಂದೇ ಕಾಣುವುದಿಲ್ಲ.

ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟದಿಂದ ಹೋದವರಿಗೆ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಮೊದಲ ದಿನ ತಿರುಗಾಡಿ, ಮರುದಿನ ಬುಡದ ಇಳಿಜಾರು, ಆಮೇಲೆ ಬೆಟ್ಟ ಹತ್ತಿಸುವ ಕೇಬಲ್ ಕಾರ್ ಗೊಂಡೊಲಾದ ಮೊದಲ ಹಂತ ಕೊಂಗ್ಡೂರಿ. ಎರಡನೆಯ ಹಂತವಾದ ಅಫರ್ವತ್ ಸುಮಾರು 3,950 ಮೀಟರ್. ಅಲ್ಲಿನ ಇಳಿಜಾರುಗಳು ಬಹುಪಾಲು ಹದಮಾಡದ ಬೆಟ್ಟವೇ. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ವಿದೇಶಿ ಸ್ಕೀಯರ್ ಒಬ್ಬರು ಸತ್ತರು. ಹಿಮದಡಿ ಸಿಲುಕಿದವರನ್ನು ಹುಡುಕುವ ಟ್ರಾನ್ಸೀವರ್, ಉದ್ದನೆಯ ಶೋಧನಕೋಲು, ಸಲಿಕೆ, ಇವನ್ನು ಬಳಸಲು ಬಲ್ಲ ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಅಲ್ಲಿ ಇಳಿಯಬೇಡಿ. ಈ ಬಾರಿ ಅದು ಬೇಡವೆಂದೇ ನನ್ನ ಮಾತು.

ರಜೆಯನ್ನು ಫೆಬ್ರವರಿಗೆ ತಳ್ಳಲು ಸಾಧ್ಯವೇ? 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಹುಲ್ಲುಗಾವಲು ವಾರಗಟ್ಟಲೆ ಹಿಮವಿಲ್ಲದೆ ಬೋಳಾಗಿತ್ತು.

ಒಂದು ದಿನ ಉಳಿದರೆ ಕ್ರಾಸ್ ಕಂಟ್ರಿ ಸ್ಕೀ ಸಿಗುತ್ತದೆಯೇ ಎಂದು ವಿಚಾರಿಸಿ. ಹಿಮ್ಮಡಿ ಬಿಡುವಾಗಿರುವ ತೆಳು ಸ್ಕೀಯಲ್ಲಿ ಸಮತಟ್ಟಿನ ಮೇಲೆ ನಡೆದಂತೆ ಜಾರುವುದು. ನೋಡಲು ಸಪ್ಪೆ, ಮಾಡಿದರೆ ಬೆವರು. ನಮ್ಮ ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ದೇಶಕ್ಕಾಗಿ ಸ್ಪರ್ಧಿಸುತ್ತಿರುವುದು ಇದರಲ್ಲೇ.

ಅಮ್ಮನಿಗೆ ಫೋನಿನಲ್ಲಿ ವಿವರಿಸುವ ಬದಲು ಜೊತೆಗೇ ಕರೆದೊಯ್ಯಿರಿ. ಕೊಂಗ್ಡೂರಿಗೆ ಹೋಗಿಬರಲು ಸ್ಕೀ ಬರಬೇಕೆಂದಿಲ್ಲ. ಉಣ್ಣೆಯ ಟೊಪ್ಪಿ, ಒಳ್ಳೆಯ ಬೂಟು ಇದ್ದರಾಯಿತು.