ಘಾಟಿ ಬಂದ್, ಅಡುಗೆ ಇನ್ನೂರು ಜನಕ್ಕೆ

ಪ್ರಶ್ನೆ: ನಮ್ಮದು ಪಶುವೈದ್ಯರ ಒಂದು ಸಣ್ಣ ಸಂಘ. ವರ್ಷಕ್ಕೊಮ್ಮೆ ಮಂಗಳೂರಿನಲ್ಲಿ ಒಂದು ದಿನದ ಕಾರ್ಯಾಗಾರ ಮಾಡುತ್ತೇವೆ. ಕಳೆದ ಜುಲೈನಲ್ಲಿ ಹಿಂದಿನ ರಾತ್ರಿಯೇ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯಿತು. ಮುಖ್ಯ ಉಪನ್ಯಾಸ ಕೊಡಬೇಕಾದವರು ಸಕಲೇಶಪುರದಲ್ಲೇ ಉಳಿದರು. ಅಡುಗೆ ಇನ್ನೂರು ಜನಕ್ಕೆ, ಬಂದವರು ಅರವತ್ತು. ಬೆಳಗ್ಗೆ ಆರರಿಂದ ನನ್ನ ಫೋನಿಗೆ ಒಂದೇ ಪ್ರಶ್ನೆ: ‘ಪ್ರೋಗ್ರಾಂ ಇದೆಯಾ ಸರ್?’ ತುಳುವರ ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮದುವೆ ಇರುವುದಿಲ್ಲ, ಹಾಲ್ ಕಡಿಮೆ ಬಾಡಿಗೆಗೆ ಸಿಗುತ್ತದೆ. ಹಾಗಾಗಿ ಈ ಸಲವೂ ಅದೇ ಸಮಯ. ಏನು ಮಾಡಲಿ?
— ಸಂಘದ ಕಾರ್ಯದರ್ಶಿ, ದಕ್ಷಿಣ ಕನ್ನಡ

ಉತ್ತರ: ಬಾಡಿಗೆಯಲ್ಲಿ ಉಳಿದ ದುಡ್ಡಿದೆಯಲ್ಲ, ಅದರಲ್ಲಿ ಸ್ವಲ್ಪ ಮಳೆಯ ಲೆಕ್ಕಕ್ಕೆ ಅಂತ ಈಗಲೇ ಎತ್ತಿಡಿ. ಅದು ನಿಮ್ಮ ಲಾಭ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮಳೆಗಿಂತ ಜಾಸ್ತಿ ಕಂಡಿದ್ದು ಆ ಬೆಳಗಿನ ಫೋನು. ಕಾರ್ಯಕ್ರಮ ಇದೆಯೋ ಇಲ್ಲವೋ ಅಂತ ಯಾರು ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ನಿಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಧ್ಯಕ್ಷರು ‘ನೋಡೋಣ, ಬಿಡಬಹುದು ಮಳೆ’ ಅಂದಿರುತ್ತಾರೆ. ಎಲ್ಲ ಸಂಘದಲ್ಲೂ ಅಂಥವರು ಒಬ್ಬರು ಇದ್ದೇ ಇರುತ್ತಾರೆ. ಅದಕ್ಕೇ ಈ ಸಲ ಮೊದಲು ಒಂದು ಸಮಯ ಗೊತ್ತು ಮಾಡಿ. ಹಿಂದಿನ ದಿನ ಸಂಜೆ ನಾಲ್ಕು ಗಂಟೆ ಅಂತಿಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಹವಾಮಾನ ಇಲಾಖೆಯ ಮಧ್ಯಾಹ್ನದ ಮುನ್ಸೂಚನೆ ಬಂದಿರುತ್ತದೆ, ಬೆಂಗಳೂರಿನವರು ಇನ್ನೂ ರಾತ್ರಿ ಬಸ್ಸು ಹತ್ತಿರುವುದಿಲ್ಲ, ಅಡುಗೆಯವರು ತರಕಾರಿ ಹೆಚ್ಚಲು ಕೂತಿರುವುದಿಲ್ಲ. ‘ಹಿಂದಿನ ದಿನ ಸಂಜೆ ನಾಲ್ಕಕ್ಕೆ ಇದೇ ಗ್ರೂಪಿನಲ್ಲಿ ತಿಳಿಸುತ್ತೇವೆ’ ಅಂತ ಆಮಂತ್ರಣದಲ್ಲೇ ಹಾಕಿಬಿಡಿ. ಹೇಳುವವರು ಒಬ್ಬರೇ ಇರಲಿ. ನಾಲ್ಕಕ್ಕೆ ಹೇಳಿದ್ದನ್ನು ಆರಕ್ಕೆ ಬಿಸಿಲು ಬಂತು ಅಂತ ಬದಲಿಸಬೇಡಿ.

ಏನು ಹೇಳಬೇಕು ಅನ್ನೋದನ್ನೂ ಈಗಲೇ ಬರೆದಿಡಿ, ತಲೆ ತಣ್ಣಗಿರುವಾಗ. ದಿನಕ್ಕೆ 115.6 ಮಿ.ಮೀ. ದಾಟಿದರೆ ಇಲಾಖೆಯ ಲೆಕ್ಕದಲ್ಲಿ ಅತಿ ಭಾರಿ ಮಳೆ, 204.4 ದಾಟಿದರೆ ಅದಕ್ಕೂ ಮೇಲೆ. ಸಾಮಾನ್ಯವಾಗಿ ಮೊದಲನೆಯದಕ್ಕೆ ಆರೆಂಜ್ ಅಲರ್ಟ್, ಎರಡನೆಯದಕ್ಕೆ ರೆಡ್. ಕರಾವಳಿಯಲ್ಲಿ ಜುಲೈನಲ್ಲಿ ಆರೆಂಜ್ ಅಂದ್ರೆ ಯಾರೂ ಕೊಡೆ ಕೂಡ ಬದಲಿಸುವುದಿಲ್ಲ. ಅದಕ್ಕೆಲ್ಲ ರದ್ದು ಮಾಡುತ್ತಾ ಹೋದರೆ ಕಾರ್ಯಾಗಾರ ದೀಪಾವಳಿಗೇ ಸೈ. ಆದ್ದರಿಂದ ಆರೆಂಜ್ ಇದ್ದರೆ ಊರಿನವರು ಹಾಲಿಗೆ, ಘಾಟಿ ಮೇಲಿನವರು ಮನೆಯಿಂದಲೇ ಆನ್‌ಲೈನ್. ರೆಡ್ ಬಂದರೆ ಮುಂದಕ್ಕೆ. ಮುಂದಕ್ಕೆ ಅಂದರೆ ಯಾವತ್ತು ಅನ್ನೋದೂ ಆಮಂತ್ರಣದಲ್ಲೇ ಇರಲಿ. 2019ರ ವಿಶ್ವಕಪ್ ಸೆಮಿಫೈನಲ್ ಮಳೆಯಿಂದ ನಿಂತಾಗ ಮರುದಿನ ಆಡಿಸಿದರಲ್ಲ, ಆ ಮೀಸಲು ದಿನ ಟೂರ್ನಿಯ ವೇಳಾಪಟ್ಟಿಯಲ್ಲಿ ಮೊದಲೇ ಇತ್ತು. (ನಾವು ಸೋತೆವು, ಅದು ಬೇರೆ ಮಾತು.)

ಇನ್ನೊಂದು ವಿಷಯ, ಇದನ್ನು ತುಂಬಾ ಜನ ಮರೆಯುತ್ತಾರೆ. ಜಿಲ್ಲಾಧಿಕಾರಿಗಳು ಶಾಲೆ, ಕಾಲೇಜಿಗೆ ಮಳೆ ರಜೆ ಕೊಟ್ಟರೆ ಅದು ನಿಮ್ಮ ಕಾರ್ಯಕ್ರಮಕ್ಕೆ ಕೊಟ್ಟ ರಜೆ ಅಲ್ಲ. ಆದರೆ ನಿಮ್ಮ ಹಾಲ್ ಕಾಲೇಜಿನ ಆವರಣದೊಳಗೆ ಇದ್ದರೆ? ರಾತ್ರಿ ಎಂಟಕ್ಕೆ ರಜೆ ಸುದ್ದಿ ಬರುತ್ತದೆ, ಬೆಳಗ್ಗೆ ಗೇಟಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಕೇಳಿ, ಆ ಮನುಷ್ಯನ ನಂಬರ್ ಇಟ್ಟುಕೊಳ್ಳಿ.

ಘಾಟಿ ವಿಚಾರಕ್ಕೆ ಬರೋಣ. ‘ಶಿರಾಡಿ ಇಲ್ಲದಿದ್ದರೆ ಚಾರ್ಮಾಡಿ, ಅದೂ ಇಲ್ಲದಿದ್ದರೆ ರೈಲು’ ಅಂತ ನೀವು ಅಂದುಕೊಂಡಿದ್ದರೆ ಅದು ಮೂರು ದಾರಿ ಅಲ್ಲ, ಒಂದೇ ಮಳೆಯಲ್ಲಿ ಮುಚ್ಚಿಹೋಗುವ ಒಂದೇ ದಾರಿ. 2018ರ ಆಗಸ್ಟಿನಲ್ಲಿ ಕೊಡಗಿನ ಮಳೆಗೆ ಮಡಿಕೇರಿ–ಸಂಪಾಜೆ ರಸ್ತೆಯೇ ಕುಸಿಯಿತು. 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಜರಿದು ಹಲವು ದಿನ ರೈಲು ಓಡಲಿಲ್ಲ. ವಿಮಾನವೂ ಅಷ್ಟೇ: ಮಂಗಳೂರಿನ ನಿಲ್ದಾಣ ಗುಡ್ಡದ ಮೇಲಿದೆ, ಮೋಡ ಇಳಿದರೆ ಬೆಂಗಳೂರಿಗೇ ವಾಪಸ್ಸು. ಹೀಗಾಗಿ ದೂರದ ಉಪನ್ಯಾಸಕರು ಒಂದು ದಿನ ಮೊದಲೇ ಬರಲಿ, ಲಾಡ್ಜಿನ ಖರ್ಚು ನಿಮ್ಮದು. ಬರಲು ಆಗದಿದ್ದರೆ ಉಪನ್ಯಾಸವನ್ನು ಮೊದಲೇ ರೆಕಾರ್ಡ್ ಮಾಡಿಸಿ ಪೆನ್‌ಡ್ರೈವಿನಲ್ಲಿ ತರಿಸಿಕೊಳ್ಳಿ. ಲೈವ್ ನಂಬಬೇಡಿ. ಘಾಟಿ ಮುಚ್ಚಿಸಿದ ಮಳೆ ನಿಮ್ಮ ಕರೆಂಟನ್ನೂ ನೆಟ್ಟನ್ನೂ ಬಿಡುತ್ತದೆಯೇ?

ಊಟಕ್ಕೆ ಒಂದು ಉಪಾಯ. ಅಡುಗೆಯವರ ಹತ್ತಿರ ‘ನೂರು ಜನಕ್ಕೆ ಖಾತ್ರಿ, ಉಳಿದದ್ದು ಬೆಳಗ್ಗೆ ಒಂಬತ್ತಕ್ಕೆ ಹೇಳುತ್ತೇನೆ’ ಅಂತ ಮಾತಾಡಿ. ಅನ್ನ, ಸಾರು ಎರಡನೇ ಸಲ ಒಲೆಗೆ ಇಡಬಹುದು. ಹೋಳಿಗೆ ಹಾಗಲ್ಲ, ಅದಕ್ಕೆ ಆಸೆ ಪಡಬೇಡಿ. ತಲೆಗೆ ಸ್ವಲ್ಪ ಜಾಸ್ತಿ ದುಡ್ಡು ಕೇಳುತ್ತಾರೆ, ಕೊಡಿ. ಮೊದಲು ಎತ್ತಿಡಿ ಅಂದಿದ್ದು ಇದಕ್ಕೇ.

ಹಾಲ್ ನೋಡಲು ಹೋದಾಗ ತಲೆ ಎತ್ತಿ ಛಾವಣಿ ನೋಡಿ. ಒಮ್ಮೆ ನಾವು ತಗಡಿನ ಶೀಟು ಹಾಕಿದ ಸಭಾಂಗಣ ಹಿಡಿದಿದ್ದೆವು. ಹನ್ನೊಂದಕ್ಕೆ ಮಳೆ ಶುರುವಾಯಿತು. ಮೈಕ್ ಜೋರು ಮಾಡಿದರೆ ಕೀ ಅಂತ ಕೂಗುತ್ತದೆ, ಕಡಿಮೆ ಮಾಡಿದರೆ ಮೊದಲ ಸಾಲಿಗೂ ಕೇಳುವುದಿಲ್ಲ. ಪಾಪ, ಭಾಷಣ ಮಾಡುವವರು ನಲವತ್ತು ನಿಮಿಷ ಬಾಯಿ ಆಡಿಸಿದರು, ನಾವು ತಲೆ ಆಡಿಸಿದೆವು. ಬಾಗಿಲಲ್ಲಿ ನೂರು ಕೊಡೆ, ಅದರ ನೀರು ಟೈಲ್ಸ್ ಮೇಲೆ, ಫೈಲ್ ಹಿಡಿದು ಬಂದ ಹಿರಿಯರೊಬ್ಬರು ಜಾರಿ ಬಿದ್ದರು. ಅವತ್ತಿನಿಂದ ನಾನು ಬ್ಯಾನರಿಗಿಂತ ಮೊದಲು ನಾಲ್ಕು ಬಕೆಟ್, ಹತ್ತು ಗೋಣಿಚೀಲ ಬರೆದುಕೊಳ್ಳುತ್ತೇನೆ.

ಹಾಲ್‌ನವರ ಹತ್ತಿರ ಮುಂಗಡ ವಾಪಸ್ಸು ಕೇಳುವ ಬದಲು ದಿನ ಬದಲಿಸುವ ಅವಕಾಶ ಕೇಳಿ, ಕಾಗದದ ಮೇಲೆ. ಜುಲೈನಲ್ಲಿ ಮಂಗಳೂರಲ್ಲಿ ಮಳೆ ಬಂದಿದ್ದು ಅನಿರೀಕ್ಷಿತ ಅಂತ ಆಮೇಲೆ ಯಾರ ಹತ್ತಿರ ವಾದ ಮಾಡುತ್ತೀರಿ?

ಪ್ರಶ್ನೆ: ಬೆಂಗಳೂರಿನಲ್ಲಿ ಅಕ್ಟೋಬರ್‌ನಲ್ಲಿ ನಮ್ಮ ಕಂಪನಿಯ ಕಾರ್ಯಕ್ರಮ ಬಯಲಿನಲ್ಲಿ ಇದೆ. ಮಳೆಗಾಲ ಮುಗಿದಿರುತ್ತದೆ ಅಲ್ವಾ?
— ಒಬ್ಬ ಓದುಗಿ, ಬೆಂಗಳೂರು

ಉತ್ತರ: ಇಲ್ಲ ಕಣಮ್ಮ. ಬೆಂಗಳೂರಿಗೆ ಸೆಪ್ಟೆಂಬರ್, ಅಕ್ಟೋಬರ್ ಜೋರು ಮಳೆಯ ತಿಂಗಳು. ಹಿಂಗಾರು ಶುರುವಾಗುವುದೇ ಆಗ. ಗುಡುಗು ಸಹಿತ ಮಳೆ ಜಾಸ್ತಿ ಬರುವುದು ಮಧ್ಯಾಹ್ನದ ಮೇಲೆ, ಆದ್ದರಿಂದ ಮುಖ್ಯವಾದದ್ದನ್ನೆಲ್ಲ ಒಂದು ಗಂಟೆಯೊಳಗೆ ಮುಗಿಸಿ. ಶಾಮಿಯಾನ ಬಿಸಿಲಿಗೆ ಮಾತ್ರ, ಮಳೆಗೆ ಅಲ್ಲ. ವೈರುಗಳು ನೆಲದ ಮೇಲೆ ಇರಬಾರದು. ಸಿಡಿಲು ಕೇಳಿಸಿದ ತಕ್ಷಣ ಎಲ್ಲರೂ ಪಕ್ಕಾ ಕಟ್ಟಡದೊಳಗೆ, ಕೇಕ್ ಕಟ್ ಆಗದಿದ್ದರೂ ಸರಿ.

ಪ್ರಶ್ನೆ: ನಾಳೆ ಒಂದು ತರಬೇತಿಗೆ ದುಡ್ಡು ಕಟ್ಟಿದ್ದೇನೆ. ರೆಡ್ ಅಲರ್ಟ್ ಇದೆ. ಗ್ರೂಪಿನಲ್ಲಿ ಕೇಳಿದರೆ ಆಯೋಜಕರು ಕೈ ಮುಗಿಯುವ ಎಮೋಜಿ ಹಾಕಿ ಸುಮ್ನೆ ಆಗಿದ್ದಾರೆ. ಹೋಗಲಾ?
— ಎಂ., ಶಿವಮೊಗ್ಗ

ಉತ್ತರ: ಪತ್ರಿಕೆ ಬರುವಷ್ಟರಲ್ಲಿ ನಿಮ್ಮ ‘ನಾಳೆ’ ಮುಗಿದಿರುತ್ತದೆ. ಹೋಗಿಲ್ಲ ಅಂದುಕೊಳ್ಳುತ್ತೇನೆ. ದುಡ್ಡು ವಾಪಸ್ಸು ಕೇಳಿ, ಈ ಸಲ ಗ್ರೂಪಿನಲ್ಲಿ ಅಲ್ಲ, ಇಮೇಲ್‌ನಲ್ಲಿ. ಅದಕ್ಕೂ ಎಮೋಜಿ ಬಂದರೆ ನನಗೆ ಇನ್ನೊಂದು ಪತ್ರ ಹಾಕಿ.