ಹೊಸದಾಗಿ ತಂದ ನಾಯಿಮರಿ ಸರಿಯಾಗಿ ತಿನ್ನುತ್ತಿಲ್ಲ, ಏನು ಮಾಡಬೇಕು?

ಎರಡು ತಿಂಗಳ ಮರಿಯನ್ನು ಮೊನ್ನೆ ಮನೆಗೆ ತಂದಿದ್ದೀರಿ. ಅದು ಆಹಾರವನ್ನು ಮೂಸಿ, ನಾಲ್ಕೈದು ತುತ್ತು ತಿಂದು ಮುಖ ತಿರುಗಿಸುತ್ತದೆ, ಆದರೆ ನೀರು ಕುಡಿಯುತ್ತದೆ, ಎಚ್ಚರವಿದ್ದಾಗ ಆಡುತ್ತದೆ ಎಂದು ಬರೆದಿದ್ದೀರಿ. ನಾನು ಪಶುವೈದ್ಯನಲ್ಲ. ಮೂರು ಮರಿಗಳನ್ನು ಸಾಕಿದ ಅನುಭವದಿಂದ ಮತ್ತು ಆಗ ವೈದ್ಯರನ್ನು ಕೇಳಿ ತಿಳಿದದ್ದರಿಂದ ಉತ್ತರಿಸುತ್ತಿದ್ದೇನೆ.

ನೀವು ಹೇಳಿದ್ದು ಹೆಚ್ಚಾಗಿ ಹೊಸ ಜಾಗದ ಅಂಜಿಕೆಯಿಂದ ಆಗುವಂಥದ್ದು. ಮೊನ್ನೆಯವರೆಗೆ ಆ ಮರಿ ಒಡಹುಟ್ಟಿದವುಗಳ ಜೊತೆ ಒಂದೇ ತಟ್ಟೆಗೆ ಮುಗಿಬಿದ್ದು ತಿನ್ನುತ್ತಿದ್ದಿರಬೇಕು. ಈಗ ಗುರುತಿಲ್ಲದ ವಾಸನೆಗಳ ನಡುವೆ, ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುತ್ತಿರುವಾಗ, ಒಂಟಿಯಾಗಿ ತಿನ್ನಬೇಕಾಗಿದೆ. ನನ್ನ ಮೊದಲ ಮರಿಯ ವಿಷಯದಲ್ಲಿ ನಾನು ಇದನ್ನು ಅರಿಯದೆ, ಬಟ್ಟಲು ಹಿಡಿದು ಅದರ ಹಿಂದೆಯೇ ತಿರುಗಿದೆ, ಒಂದೇ ದಿನದಲ್ಲಿ ಮೂರು ಬಗೆಯ ಆಹಾರ ಕೊಟ್ಟೆ, ಸಾಲದೆಂದು ಹಸುವಿನ ಹಾಲನ್ನೂ ಕುಡಿಸಿದೆ. ಮರುದಿನ ಭೇದಿ ಶುರುವಾಯಿತು. ಕೊನೆಗೆ ಬೇಸತ್ತು ತಟ್ಟೆಯನ್ನು ಮೂಲೆಯಲ್ಲಿಟ್ಟು ನಾನು ಹೊರಗೆ ಹೋದ ಮೇಲೆಯೇ ಅದು ತಿಂದದ್ದು.

ಆದ್ದರಿಂದ ಮರಿಯನ್ನು ಕೊಟ್ಟವರಿಗೆ ಇಂದೇ ಕರೆ ಮಾಡಿ, ಅಲ್ಲಿ ಏನನ್ನು, ಎಷ್ಟು ಹೊತ್ತಿಗೆ ತಿನ್ನುತ್ತಿತ್ತೆಂದು ಕೇಳಿ, ಮೊದಲ ವಾರ ಅದನ್ನೇ ಮುಂದುವರಿಸಿ. ಬದಲಾಯಿಸಲೇಬೇಕಿದ್ದರೆ ಆಮೇಲೆ 7ರಿಂದ 10 ದಿನಗಳಲ್ಲಿ ಹಳೆಯದರೊಂದಿಗೆ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋಗಬಹುದು. ಒಣ ಆಹಾರವಾದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದಾಗ ಮೆತ್ತಗಾಗುವುದಲ್ಲದೆ ವಾಸನೆಯೂ ಏಳುತ್ತದೆ, ಮರಿಗಳನ್ನು ಎಳೆಯುವುದು ಆ ವಾಸನೆಯೇ. ದಿನಕ್ಕೆ ನಾಲ್ಕು ಬಾರಿ, ಅಗಲವಾದ ತಟ್ಟೆಯಲ್ಲಿ, ಸದ್ದಿಲ್ಲದ ಜಾಗದಲ್ಲಿ ಇಟ್ಟು, ಇಪ್ಪತ್ತು ನಿಮಿಷಗಳ ನಂತರ ಉಳಿದದ್ದನ್ನು ತೆಗೆದುಬಿಡಿ. ನೀರು ಮಾತ್ರ ಸದಾ ಇರಲಿ. ಬಾಯಿ ತೆರೆಸಿ ತುರುಕಬೇಡಿ, ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಆದರೆ ಕಾಯುವುದಕ್ಕೂ ಮಿತಿಯುಂಟು. ಇಡೀ ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ನಿಮ್ಮದು ತೀರ ಚಿಕ್ಕ ತಳಿಯಾಗಿದ್ದರೆ ಅಷ್ಟೂ ಕಾಯುವಂತಿಲ್ಲ. ಅಂಥ ಮರಿಗಳಲ್ಲಿ ಕೆಲವೇ ಗಂಟೆಗಳ ಉಪವಾಸದಿಂದ ರಕ್ತದ ಸಕ್ಕರೆ ಕುಸಿದು, ನಡುಕ, ತೂರಾಡುವಿಕೆ, ಮಂಪರು ಕಾಣಿಸಿಕೊಳ್ಳಬಹುದು. ಹಾಗಾದರೆ ಸ್ವಲ್ಪ ಸಕ್ಕರೆ ಪಾಕವನ್ನು ವಸಡಿಗೆ ಸವರಿ ತಕ್ಷಣ ಆಸ್ಪತ್ರೆಗೆ ಹೊರಡಿ.

ತಿನ್ನದಿರುವುದರ ಜೊತೆಗೆ ವಾಂತಿ, ಭೇದಿ, ಅದರಲ್ಲೂ ರಕ್ತ ಬೆರೆತ ದುರ್ವಾಸನೆಯ ಭೇದಿ, ಜ್ವರ ಅಥವಾ ಆಟದ ಮೇಲೂ ನಿರಾಸಕ್ತಿ ಕಂಡರೆ ಪಾರ್ವೋ (ಮರಿಗಳ ಕರುಳಿಗೆ ತಗಲುವ ಮಾರಕ ವೈರಾಣು) ಸೋಂಕಿನ ಶಂಕೆಯಿಂದ ಅದೇ ಹೊತ್ತಿನಲ್ಲಿ ಕರೆದೊಯ್ಯಿರಿ. ಈ ವೈರಾಣು ಒಳಹೊಕ್ಕ ಕೆಲವು ದಿನಗಳ ನಂತರವಷ್ಟೇ ಲಕ್ಷಣ ತೋರಿಸುವುದರಿಂದ, ಹಿಂದಿನ ಮನೆಯಲ್ಲಿ ತಗುಲಿದ ಕಾಯಿಲೆ ನಿಮ್ಮ ಮನೆಯಲ್ಲಿ ಹೊರಬೀಳಬಹುದು. ಒಂದು ಲಸಿಕೆ ಆಗಿದೆಯೆಂದು ನಿಶ್ಚಿಂತರಾಗಬೇಡಿ. ಈ ಲಸಿಕೆಗಳನ್ನು ಮರಿಗೆ ಸುಮಾರು 16 ವಾರ ವಯಸ್ಸಾಗುವವರೆಗೆ ಕಂತುಗಳಲ್ಲಿ ಕೊಡುತ್ತಾರೆ.

ನಾಳೆಯಿಂದಲೇ ಚೆನ್ನಾಗಿ ತಿನ್ನತೊಡಗಿದರೂ ಈ ವಾರ ಒಮ್ಮೆ ವೈದ್ಯರಲ್ಲಿಗೆ ಹೋಗಿ ಬನ್ನಿ. ಜಂತುಹುಳು ತಾಯಿಯಿಂದಲೇ ಮರಿಗೆ ಬರುತ್ತದೆ, ಅದೂ ಹಸಿವನ್ನು ಕೆಡಿಸುತ್ತದೆ. ಹೋಗುವಾಗ ಲಸಿಕೆಯ ಪುಸ್ತಕದ ಜೊತೆ ಅಂದಿನ ಮಲದ ಮಾದರಿಯನ್ನೂ ಚಿಕ್ಕ ಡಬ್ಬಿಯಲ್ಲಿ ಒಯ್ದರೆ ಪರೀಕ್ಷೆ ಅಲ್ಲೇ ಮುಗಿಯಬಹುದು.